ಮೇಲಕ್ಕೆ ತೋರಿಸಿದ ಬೆರಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಊರುಗಳಲ್ಲಿ ನಾಲ್ಕರಲ್ಲಿ ನಾನು ಸರ್ಕಾರಿ ಗುಮಾಸ್ತೆಯಾಗಿ ಕೂತು ಎದ್ದಿದ್ದೇನೆ. ಈಗ ಹೇಳುವುದು ಯಾವ ಊರಿನ ಕಚೇರಿಯದು ಎಂದು ಮಾತ್ರ ಕೇಳಬೇಡಿ. ಹೇಳುವುದಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ. ನನ್ನ ಹೆಸರು ಬರೆಯುವಷ್ಟು ಧೈರ್ಯ ನನಗೇ ಇಲ್ಲದಿರುವಾಗ ಬೇರೆಯವರನ್ನು ಯಾಕೆ ಎಳೆದು ತರಲಿ?

ನನ್ನ ತವರು ಮಾಗಳ. ಹೊಳೆ ದಂಡೆಯ ಊರು. ಈ ದಡದಿಂದ ಆ ದಡಕ್ಕೆ ಕೂಗಿ ಮಾತಾಡಿ ಬೆಳೆದವಳು ನಾನು, ದನಿ ದೊಡ್ಡದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಚೇರಿಗೆ ಬರುವ ಜನ ನನ್ನ ಮೇಜಿನ ಮುಂದೆ ನಿಲ್ಲುವ ಮೊದಲು ಸೆರಗು, ಟವಲ್ಲು ಸರಿಮಾಡಿಕೊಳ್ಳುತ್ತಿದ್ದರು. ಅದು ನನಗೆ ಇಷ್ಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಆಗ ನಮ್ಮ ಕಚೇರಿಯ ತಲೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟುವುದೆಂದಾಯಿತು. ಅಲ್ಲಿಯವರೆಗೆ ನಮ್ಮನ್ನು ಬೇರೆ ಕಡೆ ಕೂರಿಸುತ್ತಾರೆ ಅಂದುಕೊಂಡೆವು. ಸಾಹೇಬರು ನಕ್ಕರು.

"ಬ್ಯಾರೆ ಕಡಿ ಜಾಗ ಎಲ್ಲೈತ್ರಿ? ಅವರು ಮ್ಯಾಲೆ ಮಾಡ್ಲಿ, ನೀವು ಕೆಳಗ ಮಾಡ್ರಿ. ಹದಿನೈದು ದಿನ ಗದ್ದಲ ಇರ್ತೈತಿ, ಆಮ್ಯಾಲೆ ಏನಿಲ್ಲ."

ಆ ಹದಿನೈದು ದಿನ ಒಂದು ವರ್ಷ ದಾಟಿತು.

ಮೊದಲು ಮಾಳಿಗೆಯ ಹಳೆ ಗಾರೆ ಕಿತ್ತರು. ಅದಕ್ಕೊಂದು ಒಡೆಯುವ ಮಷೀನು ಬಂತು. ಅಂಗಳದಲ್ಲಿ ಟ್ರ್ಯಾಕ್ಟರು ಗುರ್ ಎನ್ನುತ್ತಿತ್ತು, ಮೇಲೆ ಮಷೀನು ಡರ್ ಎನ್ನುತ್ತಿತ್ತು. ನನ್ನ ಮೇಜಿನ ಮೇಲಿನ ಸ್ಟೇಪ್ಲರು ತಾನಾಗಿಯೇ ನಡೆದುಕೊಂಡು ಹೋಗಿ ಅಂಚಿನಿಂದ ಬೀಳುತ್ತಿತ್ತು. ಚಹಾ ಬಾಯಿಗೆ ತರುವಷ್ಟರಲ್ಲಿ ಅದರ ಮೇಲೆ ಸಿಮೆಂಟಿನ ಕೆನೆ. ಕಂಪ್ಯೂಟರಿಗೆ ಯೂರಿಯಾ ಚೀಲ ತೊಡಿಸಿದ್ದೆವು. ಪಕ್ಕದ ಮೇಜಿನ ಗುಮಾಸ್ತರೊಬ್ಬರು ತಲೆಗೆ ಟವಲ್ಲು ಸುತ್ತಿಕೊಂಡು, ಟವಲ್ಲಿನ ಮೇಲೆ ಕೊಡೆ ಹಿಡಿದು ಕೂತು ಬರೆಯುತ್ತಿದ್ದರು. ಸಂಜೆ ಮನೆಗೆ ಹೋದರೆ ಮೊಮ್ಮಗಳು ನನ್ನ ಹುಬ್ಬು ಮುಟ್ಟಿ ನೋಡಿ, "ಅಜ್ಜಿ, ಮುದುಕಿ ಆಗಿ ಬಂದಿ," ಎನ್ನುತ್ತಿದ್ದಳು.

ನನ್ನ ಕೈಗೆ ಒಂದು ಉದ್ದನೆಯ ಕೋಲು ಸಿಕ್ಕಿತು. ಮೇಲಿನ ಕಿಟಕಿ ಮುಚ್ಚಲು ಇಟ್ಟಿದ್ದ ಬಿದಿರು. ತಡೆಯಲಾರದಾದಾಗ ಎದ್ದು ನಿಂತು ಸೂರಿಗೆ ಮೂರು ಸಲ ಕುಟ್ಟುತ್ತಿದ್ದೆ. "ಲೇ ಯಾವನಲೇ ಅವ, ನಿನ್ನ ಹೆಣಾ ಎತ್ಲಿ!" ಎಂದು ಕೂಗುತ್ತಿದ್ದೆ. ಮಷೀನು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಡರ್. ನಿಲ್ಲಿಸುತ್ತಿದ್ದವನು ಯಾರೋ ನನಗೆ ಗೊತ್ತಿರಲಿಲ್ಲ. ಆದರೆ ನಾನು ಕುಟ್ಟಿದಾಗೆಲ್ಲ ತಪ್ಪದೆ ನಿಲ್ಲಿಸುತ್ತಿದ್ದ.

ಅದೇ ಹೊತ್ತಿಗೆ ರೇಷನ್ ಕಾರ್ಡುಗಳ ಪರಿಶೀಲನೆ ಬಂತು. ನಮ್ಮ ವಿಭಾಗದ್ದೇ ಕೆಲಸ. ಕಾರ್ಡಿನಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಓದಿ, ಇದ್ದಾರೋ ಸತ್ತಿದ್ದಾರೋ ಮನೆಯವರನ್ನು ಕೇಳಿ, ಬದುಕಿದ್ದರೆ ನೀಲಿಯಲ್ಲಿ "ಇದ್ದಾರೆ" ಎಂದೂ, ಇಲ್ಲದಿದ್ದರೆ ಕೆಂಪಿನಲ್ಲಿ "ಮೃತ" ಎಂದೂ ಬರೆದು, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಸಂಜೆ ಆ ಹಾಳೆಗಳು ಕಂಪ್ಯೂಟರಿಗೆ ಹೋಗುತ್ತಿದ್ದವು. ಕೇಳಿ ಎಂದರೆ ಏನು ಕೇಳುವುದು? ಎದುರಿಗೆ ನಿಂತವರ ಬಾಯಿ ಆಡುವುದು ಕಾಣುತ್ತಿತ್ತು ಅಷ್ಟೆ. ಮಾಗಳದ ನನ್ನ ದನಿಯೊಂದೇ ಅಷ್ಟೋ ಇಷ್ಟೋ ಕೇಳುತ್ತಿತ್ತು.

ಆಗ ನಾನೊಂದು ಉಪಾಯ ಹುಡುಕಿದೆ. ಹೆಸರನ್ನು ಕೂಗಿ ಹೇಳುವುದು. ಆ ಮನುಷ್ಯ ಇದ್ದರೆ ಅಂಗೈ ಕೆಳಗೆ ಮಾಡಿ ತೋರಿಸಬೇಕು, ಭೂಮಿಯ ಮೇಲಿದ್ದಾನೆ ಅಂತ. ಸತ್ತಿದ್ದರೆ ಬೆರಳು ಮೇಲೆ. ಜನಕ್ಕೆ ಹೇಳಿಕೊಡುವ ಕಷ್ಟವೇ ಬೀಳಲಿಲ್ಲ. ನಮ್ಮ ಕಡೆ ಸತ್ತವರನ್ನು ಮ್ಯಾಲೆ ಹೋದ್ರು ಎಂದೇ ಅನ್ನುವುದು. ಸಾಲು ಸರಸರ ಸಾಗಿತು. ಸಾಹೇಬರು ಬಂದು ನೋಡಿ, "ಭಾಳ ಶಾಣ್ಯಾ ಅದೀರಿ ಬಿಡ್ರಿ," ಎಂದರು. ನಾನು ಉಬ್ಬಿದೆ. ಬೇರೆ ಮೇಜಿನವರು ಹತ್ತು ಜನರನ್ನು ಮುಗಿಸುವಷ್ಟರಲ್ಲಿ ನಾನು ಮೂವತ್ತು ಮುಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಆ ಹೆಂಗಸು ಬಂದಳು. ಮೂವತ್ತೈದರ ಒಳಗಿನವಳು. ಕಂಕುಳಲ್ಲಿ ಬುತ್ತಿ ಗಂಟು. ಕಾರ್ಡಿನಲ್ಲಿ ನಾಲ್ಕು ಹೆಸರು: ಅವಳು, ಗಂಡ, ಅತ್ತೆ, ಮಗಳು. ಅತ್ತೆಯ ಹೆಸರು ಕೂಗಿದೆ, ಅಂಗೈ ಕೆಳಗೆ. ಮಗಳದು, ಅಂಗೈ ಕೆಳಗೆ. ಅವಳದು, ತನ್ನ ಎದೆ ಮುಟ್ಟಿಕೊಂಡಳು. ಗಂಡನ ಹೆಸರು ಕೂಗಿದೆ. ಅವಳು ತಲೆ ತಗ್ಗಿಸಿದಳು. ಸೆರಗಿನ ತುದಿ ಬಾಯಿಗಿಟ್ಟುಕೊಂಡು ಸಣ್ಣಗೆ ನಕ್ಕಳು. ಬೆರಳು ಮೇಲೆ ಮಾಡಿದಳು.

ಗಂಡ ಸತ್ತಿದ್ದಕ್ಕೆ ನಾಚಿಕೊಳ್ಳುವವಳನ್ನು ಮೊದಲ ಸಲ ನೋಡಿದೆ. ಹಣೆಯಲ್ಲಿ ಕುಂಕುಮವಿತ್ತು. ಕೈತುಂಬ ಹಸಿರು ಬಳೆ. ಕೊರಳಲ್ಲಿ ತಾಳಿ. ಎಲ್ಲ ನನ್ನ ಕಣ್ಣಿಗೆ ಬಿತ್ತು, ಕುರುಡಿಯಲ್ಲ ನಾನು. 'ಈಗ ಯಾರು ಏನು ತೆಗೀತಾರೆ, ಕಾಲ ಕೆಟ್ಟೈತಿ' ಎಂದುಕೊಂಡೆ. ಸಾಲು ಬಾಗಿಲ ಹೊರಗಿತ್ತು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಮಷೀನು ಎಲ್ಲ ನುಂಗಿತು. ಕೆಂಪು ಪೆನ್ನಿನಲ್ಲಿ "ಮೃತ" ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಹೋಗು ಎಂದು ಕೈ ಬೀಸಿದೆ. ಕೈ ಮುಗಿದು ಹೋದಳು.

ಕಿಟಕಿಯಿಂದ ಅವಳು ಮತ್ತೆ ಕಂಡಳು. ಅಂಗಳದಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದಳು. ಮಾಳಿಗೆಯಿಂದ ಒಂದು ಹಗ್ಗ ಇಳಿಯಿತು. ಅವಳು ಅದಕ್ಕೆ ಬುತ್ತಿ ಗಂಟು ಕಟ್ಟಿದಳು. ಗಂಟು ತೂಗಾಡುತ್ತ ಮೇಲೆ ಹೋಯಿತು. ಮಷೀನು ನಿಂತಿತು. ಅಬ್ಬಾ, ಊಟಕ್ಕೆ ಬಿಟ್ಟರು ಎಂದು ನಾನೂ ನನ್ನ ಡಬ್ಬಿ ಬಿಚ್ಚಿದೆ.

ಆಮೇಲೆ ಕೆಲವು ವಾರಕ್ಕೆ ನನ್ನ ಸಹನೆ ಪೂರ್ತಿ ಹರಿಯಿತು. ಮಷೀನಿನ ಮೇಲೆ ಒಂದು ಅರ್ಜಿ ಬರೆದೆ. ಕಚೇರಿಯವರೆಲ್ಲರ ಸಹಿ ಹಾಕಿಸಿದೆ. ಕಚೇರಿ ವೇಳೆಯಲ್ಲಿ ಮಷೀನು ಬಳಸಕೂಡದು ಎಂದು ಆದೇಶವಾಗುವವರೆಗೆ ಬಿಡಲಿಲ್ಲ. ಮೇಸ್ತ್ರಿ ಕೆಳಗಿಳಿದು ಬಂದ. ಇದೇ ಊರಿನ ಮುಸ್ಲಿಂ ಮನೆತನದವನು, ಅವನ ಅಪ್ಪನೂ ಮೇಸ್ತ್ರಿ.

"ಮೇಡಂ, ಮಷೀನ್ ಬಂದ್ ಮಾಡಿದ್ರ ಹುಡುಗರು ಕೈಲೆ ಒಡೀಬೇಕಾಗ್ತೈತ್ರಿ. ಚಾಣ, ಸುತ್ತಿಗಿ ಹಿಡಕೊಂಡು ಕುಂತ್ರ ಒಂದೂವರಿ ತಿಂಗಳ ಕೆಲಸ ಅದು. ಜರಾ ವಿಚಾರ ಮಾಡ್ರಿ."

"ಒಡೀರಿ. ಕೈ ಇಲ್ಲೇನು ನಿಮಗ?" ಎಂದೆ.

ಒಡೆದರು. ಮಾಳಿಗೆಯ ಸುತ್ತಲಿನ ಕಟ್ಟೆಗೋಡೆಯನ್ನು ಉಳಿಯಿಂದ, ಸುತ್ತಿಗೆಯಿಂದ ಚೂರುಚೂರಾಗಿ ಕೆಡವಿದರು. ಠಣ್ ಠಣ್ ಎಂಬ ಸದ್ದು, ಆದರೆ ನಡುನಡುವೆ ಮಾತು ಕೇಳುತ್ತಿತ್ತು. ನಾನು ಗೆದ್ದವಳಂತೆ ಓಡಾಡಿದೆ. ಕೋಲು ಮಾತ್ರ ಬಿಟ್ಟಿರಲಿಲ್ಲ. ಮೂರು ಸಲ ಕುಟ್ಟಿದರೆ ಈಗ ಮೇಲಿಂದ ಎರಡು ಮೆತ್ತನೆಯ ಏಟು ಬರುತ್ತಿದ್ದವು, ಟಕ್ ಟಕ್. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ. ಜವಾನ ನಗುತ್ತಿದ್ದ. "ಅಕ್ಕಾರ, ಅವ ನಿಮಗ ಹೂಂ ಅಂತಾನ ನೋಡ್ರಿ." ನನಗೂ ಒಳಗೊಳಗೆ ನಗು ಬರುತ್ತಿತ್ತು. ಕೆಲವು ಸಲ ಸದ್ದು ಹೆಚ್ಚಾಗದಿದ್ದರೂ ಕುಟ್ಟುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಲೆ ಯಾರೋ ಒಬ್ಬ ಚೀರಿದ. ಓಡಾಡಿದ ಸದ್ದಾಯಿತು. ಆಮೇಲೆ ಪೂರ್ತಿ ನಿಶ್ಶಬ್ದ. "ಈಗ ತಣ್ಣಗಾತು ನೋಡು ಜೀವಕ್ಕ," ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

ಜವಾನ ಹೊರಗೆ ಹೋಗಿ ಬಂದ. "ಮ್ಯಾಲೆ ಒಬ್ಬಾಂವನ ಕಣ್ಣಿಗೆ ಕಲ್ಲಿನ ಚಕ್ಕಿ ಸಿಡೀತಂತ್ರಿ ಅಕ್ಕಾರ. ರಗತ ಬಂದೈತಿ. ದವಾಖಾನಿಗೆ ಕರ್ಕೊಂಡು ಹೋದ್ರು."

"ನೋಡಿ ಹೊಡೀಬೇಕಪ. ಕಣ್ಣು ಎಲ್ಲಿಟ್ಟಿದ್ದನಂತ?"

ಅವತ್ತು ಮಧ್ಯಾಹ್ನ ನಾನು ಸುಮ್ಮನೆ ಮೂರು ಸಲ ಸೂರು ಕುಟ್ಟಿದೆ. ಉತ್ತರ ಬರಲಿಲ್ಲ.

ಎರಡು ದಿನ ಬಿಟ್ಟು ಆ ಹೆಂಗಸು ಮತ್ತೆ ನನ್ನ ಮೇಜಿನ ಮುಂದೆ ನಿಂತಳು. ಅದೇ ಕುಂಕುಮ, ಅದೇ ಬಳೆ. ಜೊತೆಯಲ್ಲಿ ಮೇಸ್ತ್ರಿ. ಇಬ್ಬರ ನಡುವೆ ಒಬ್ಬ ಗಂಡಸು, ಎಡಗಣ್ಣಿಗೆ ಹತ್ತಿಯ ದಪ್ಪ ಪಟ್ಟಿ. ಗಡ್ಡದಲ್ಲಿ ಇನ್ನೂ ಸಿಮೆಂಟಿನ ಪುಡಿಯಿತ್ತು. ಮೇಸ್ತ್ರಿ ಒಂದು ಚೀಟಿ ನನ್ನ ಮುಂದಿಟ್ಟ. ದಾವಣಗೆರೆಯ ಆಸ್ಪತ್ರೆಯ ಚೀಟಿ. ಹತ್ತು ದಿನದೊಳಗೆ ಆಪರೇಷನ್ ಆದರೆ ಕಣ್ಣು ಉಳಿಯುತ್ತದೆ, ತಡವಾದರೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ರೇಷನ್ ಕಾರ್ಡು ಇದ್ದವರಿಗೆ ಆಪರೇಷನ್ ಪುಕ್ಕಟೆ.

"ಕಾರ್ಡ್ ಐತ್ರಿ ಅಮ್ಮಾರ," ಎಂದ ಆ ಗಂಡಸು. "ಆದ್ರ ಅವರ ಕಂಪ್ಯೂಟರ್‌ನಾಗ ನಾ ಸತ್ತೀನಿ ಅಂತ ಬರತೈತಂತ್ರಿ. ಸತ್ತಾಂವಗ ಆಪರೇಷನ್ ಮಾಡಾಕ ಬರಂಗಿಲ್ಲ ಅಂದ್ರು."

ಹಾಳೆಗಳ ಕಟ್ಟು ತೆಗೆಸಿದೆ. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ತಿರುವಿದೆ. ಸಿಕ್ಕಿತು. ನನ್ನ ಅಕ್ಷರ, ನನ್ನ ಕೆಂಪು ಶಾಯಿ. ಕೆಳಗೆ ಅವಳ ಹೆಬ್ಬೆಟ್ಟು. ಹಾಳೆಯನ್ನು ಅವನ ಕಡೆ ತಿರುಗಿಸಿದೆ.

"ನನ್ನೇನು ಕೇಳ್ತಿ? ನಿನ್ನ ಹೆಂಡ್ತೀನ ಬರಿಸ್ಯಾಳ. ಇಲ್ಲಿ ನೋಡು, ಹೆಬ್ಬೆಟ್ಟು."

ಅವನು ಹೆಂಡತಿಯನ್ನು ನೋಡಲು ಇಡೀ ಕುತ್ತಿಗೆ ತಿರುಗಿಸಬೇಕಾಯಿತು. ಅವಳು ಪಟ್ಟಿ ಕಟ್ಟಿದ ಕಡೆ ನಿಂತಿದ್ದಳು. "ಏನಬೇ, ನಾ ಸತ್ತೀನಿ ಅಂತ ಹೇಳಿಯೇನು?"

"ಇಲ್ಲ! ನಾ ಹಂಗ ಅಂದಿಲ್ಲ! ಮ್ಯಾಲೆ ಅದಾನ ಅಂದಿದ್ದೆ! ಮಾಳಿಗಿ ಮ್ಯಾಲೆ ಕೆಲಸ ಮಾಡಾಕತ್ಯಾನ ಅಂದಿದ್ದೆ!" ಹೇಳುತ್ತ ಹೇಳುತ್ತ ಅವಳ ಬೆರಳು ಮೇಲಕ್ಕೆದ್ದಿತು, ಅವತ್ತಿನ ಹಾಗೆಯೇ, ನನ್ನ ಮೇಜಿನ ನೇರಕ್ಕಿದ್ದ ಸೂರಿನ ಕಡೆಗೆ.

ಸಾಲಿನಲ್ಲಿದ್ದವರು ನಕ್ಕುಬಿಟ್ಟರು. "ಮ್ಯಾಲೆ ಅದಾನ ಅಂದ್ರ ಮತ್ತೇನು ತಿಳೀಬೇಕವಾ," ಎಂದು ಯಾರೋ ಅಂದರು. ಅವನಿಗೂ ಸ್ವಲ್ಪ ನಗು ಬಂತು. ನಕ್ಕರೆ ಕಣ್ಣು ನೋಯುತ್ತಿತ್ತೇನೋ, ಪಟ್ಟಿಯ ಮೇಲೆ ಕೈ ಇಟ್ಟುಕೊಂಡ.

ಮೇಸ್ತ್ರಿ ಮಾತ್ರ ನಗಲಿಲ್ಲ. "ಮೇಡಂ, ಇವ ಸತ್ತಾನ ಅಂತ ನೀವಾ ಬರದ್ರ ಹೆಂಗ್ರಿ? ದಿನಾ ನಿಮ್ಮ ಕೋಲಿಗೆ ಟಕ್ ಟಕ್ ಅಂತಿದ್ದಾಂವ ಇವನಾ ಅದಾನ."

ಎಲ್ಲ ತಿಳಿಯಿತು ನನಗೆ. ಆ ನಾಚಿಕೆ ಯಾಕೆ, ಬುತ್ತಿ ಯಾರಿಗೆ, ಬೆರಳು ಎಲ್ಲಿಗೆ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದು ಎಂಬ ರೂಢಿ ನಮ್ಮ ಮನೆಗಳಲ್ಲೂ ಇತ್ತು. ನನ್ನ ಅವ್ವ ಸಾಯುವವರೆಗೆ ಅಪ್ಪನ ಹೆಸರು ಆಡಲಿಲ್ಲ, ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸುತ್ತಿದ್ದಳು. ಎಲ್ಲಿದ್ದಾರೆ ಎಂದು ಕೇಳುತ್ತಿದ್ದೇನೆ ಅಂದುಕೊಂಡು ಆ ಹೆಂಗಸು ಅತ್ತೆ, ಮಗಳನ್ನು ಕೆಳಗೆ ಮನೆಯಲ್ಲಿ, ಗಂಡನನ್ನು ಮೇಲೆ ಮಾಳಿಗೆಯಲ್ಲಿ, ತಾನು ಬಲ್ಲ ರೀತಿಯಲ್ಲಿ ತೋರಿಸಿದ್ದಳು. ನಾನು ನನ್ನ ಶಾಣ್ಯಾತನದಲ್ಲಿ ಅವನನ್ನು ಕೊಂದಿದ್ದೆ.

ಸರ್ಕಾರಿ ಕಚೇರಿಯಲ್ಲಿ ತಪ್ಪು ತಿದ್ದಲು ಎರಡು ದಾರಿ. ಬರೆದ ಗುಮಾಸ್ತೆ "ಕಣ್ತಪ್ಪಿನಿಂದ ಹೀಗೆ ನಮೂದಾಗಿದೆ" ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಹೇಬರು ಅವತ್ತೇ ತಿದ್ದಿಕೊಡಬಹುದು. ಸಂಜೆಯೊಳಗೆ ಅವನು ಬದುಕುತ್ತಿದ್ದ. ಹಾಗಲ್ಲದೆ "ಕುಟುಂಬದವರ ಹೇಳಿಕೆಯಂತೆ ನಮೂದಾಗಿದೆ" ಎಂದರೆ ತಪ್ಪು ಮನೆಯವರದು. ಆಗ ಊರಿನಲ್ಲಿ ಪಂಚನಾಮೆ, ಐದು ಜನರ ಸಾಕ್ಷಿ, ವರದಿ, ಹೊಸಪೇಟೆಯ ಜಿಲ್ಲಾ ಕಚೇರಿ, ಎಲ್ಲ ಸುತ್ತಿ ಬರಬೇಕು.

ಕಣ್ತಪ್ಪು. ಎಷ್ಟು ಸಣ್ಣ ಮಾತು. ಅದನ್ನು ಬರೆದರೆ ಹೇಗಾಯಿತು ಎಂದು ಕೇಳುತ್ತಾರೆ. ಬೆರಳು ನೋಡಿ ಬರೆದೆ ಅನ್ನಬೇಕು. ಹಾಗೆ ಬೆರಳು ನೋಡಿ ಇನ್ನೆಷ್ಟು ಜನರನ್ನು ಕೆಂಪು ಮಾಡಿದ್ದೀರಿ ಎಂದು ಕಟ್ಟುಗಟ್ಟಲೆ ಹಾಳೆ ಬಿಚ್ಚುತ್ತಾರೆ. ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ನನ್ನ ಮೇಲೆ ಹಿಂದೆ ಒಂದು ನೋಟೀಸು ಆಗಿತ್ತು, ಇನ್ನೊಂದಾದರೆ ಪಿಂಚಣಿ ತಡೆಹಿಡಿಯುತ್ತಾರೆ ಎಂಬ ಹೆದರಿಕೆ. ಇದೆಲ್ಲ ಲೆಕ್ಕ ಹಾಕಲು ನನಗೆ ಪೆನ್ನಿನ ಮುಚ್ಚಳ ತೆಗೆಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಕುಟುಂಬದವರ ಹೇಳಿಕೆಯಂತೆ" ಎಂದು ಬರೆದೆ. "ಪಂಚನಾಮಿ ಮಾಡಿಸ್ಕೊಂಡು ಬಾ. ನೀ ಜೀವಂತ ಅದಿ ಅಂತ ಐದು ಮಂದಿ ಸಹಿ ಹಾಕ್ಬೇಕು," ಎಂದು ಚೀಟಿಯನ್ನು ಅವನ ಕಡೆ ತಳ್ಳಿದೆ.

"ನಾ ಇಲ್ಲೆ ನಿಂತೀನಲ್ರಿ ಅಮ್ಮಾರ," ಎಂದ ಅವನು. ಜಗಳಕ್ಕಲ್ಲ, ನಿಜವಾಗಿ ತಿಳಿಯದೆ ಕೇಳಿದ.

"ನಿಂತ್ರೇನಾತು? ಕಾಗದಾ ಮಾತಾಡ್ಬೇಕು, ನೀನಲ್ಲ. ನಡಿ, ಹಿಂದಿನವರಿಗೆ ದಾರಿ ಬಿಡು."

ಅವರು ಹೋದ ಮೇಲೆ ಜವಾನ ನೀರಿನ ಲೋಟ ತಂದಿಟ್ಟ. ಇಟ್ಟವನು ಹೋಗಲಿಲ್ಲ. ಮೂವತ್ತು ವರ್ಷ ಕಚೇರಿ ನೋಡಿದವನು, ಅವನಿಗೆ ಎಲ್ಲ ಗೊತ್ತು. "ಅಕ್ಕಾರ, ಒಂದು ಸಾಲು ಬರದ್ರ ಮುಗೀತಿತ್ತಲ್ರಿ," ಎಂದ ತಗ್ಗಿದ ದನಿಯಲ್ಲಿ.

"ನಿನ್ನ ಕೆಲಸ ನೀ ನೋಡ್ಕೋ," ಎಂದೆ. ಅವತ್ತಿನಿಂದ ಅವನು ನನಗೆ ಅಕ್ಕಾರ ಅನ್ನುವುದನ್ನು ಬಿಟ್ಟು ಮೇಡಂ ಅನ್ನತೊಡಗಿದ.

ಮುಂದಿನದನ್ನು ನಾನು ಕಾಗದಗಳಲ್ಲಿ ನೋಡಿದೆ. ಊರಿನ ಗ್ರಾಮ ಲೆಕ್ಕಿಗರು ಎರಡು ದಿನ ಸಿಗಲಿಲ್ಲ. ಮೂರನೆಯ ದಿನ ಪಂಚನಾಮೆ ಆಯಿತು. ಈ ವ್ಯಕ್ತಿ ಜೀವಂತವಿರುವುದನ್ನು ನಾವು ಪ್ರತ್ಯಕ್ಷ ಕಂಡಿದ್ದೇವೆ ಎಂದು ಐದು ಜನ ಸಹಿ ಮಾಡಿದ್ದರು. ನಾನು ಅದನ್ನು ನೋಂದಣಿ ಮಾಡಿ, ನಂಬರು ಹಾಕಿ, ಒಂದು ದಿನ ನನ್ನ ಮೇಜಿನ ಮೇಲೆಯೇ ಇಟ್ಟುಕೊಂಡು, ಹೊಸಪೇಟೆಗೆ ಕಳಿಸಿದೆ. ಆ ಒಂದು ದಿನ ಯಾಕೆ ಇಟ್ಟುಕೊಂಡೆ? ಬೇಗ ಕಳಿಸಿದರೆ ತಪ್ಪು ನನ್ನದೇ ಎಂದು ಯಾರಾದರೂ ಅಂದಾರು ಅಂತ. ಇನ್ನೇನೂ ಕಾರಣವಿಲ್ಲ.

ಗಂಡ ಹೆಂಡತಿ ಹೊಸಪೇಟೆಗೆ ಬಸ್ಸು ಹತ್ತಿ ಹೋದರು. ಅಲ್ಲಿ ಅವನ ಬೆರಳಚ್ಚು ಕೇಳಿದರು. ಹತ್ತು ಬೆರಳೂ ಒತ್ತಿಸಿದರು. ಯಂತ್ರ ಒಂದನ್ನೂ ಹಿಡಿಯಲಿಲ್ಲ. ಇಪ್ಪತ್ತು ವರ್ಷ ಸಿಮೆಂಟು ಕಲಸಿದವನ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಹಾಗಾದರೆ ಕಣ್ಣು ತೋರಿಸು ಎಂದರು. ಬೆರಳು ಕೊಡದವರಿಗೆ ಕಣ್ಣಿನ ಗುರುತು, ಎರಡೂ ಕಣ್ಣು ಯಂತ್ರಕ್ಕೆ ತೋರಿಸಬೇಕು. ಅವನು ಪಟ್ಟಿ ಬಿಚ್ಚಲು ಕೈ ಹಾಕಿದನಂತೆ. ಅಲ್ಲಿಯ ನೌಕರನೇ ಹೆದರಿ ತಡೆದು, "ಕಣ್ಣು ಆರಾಮಾದ ಮ್ಯಾಲೆ ಬಾರಪಾ," ಎಂದು ಕಳಿಸಿದನಂತೆ. ಕಣ್ಣು ಆರಾಮಾಗಲು ಆಪರೇಷನ್ ಬೇಕು, ಆಪರೇಷನ್ನಿಗೆ ಕಾರ್ಡು ಬೇಕು, ಕಾರ್ಡಿಗೆ ಕಣ್ಣು ಬೇಕು. ಇದನ್ನು ನನಗೆ ಹೇಳಿದವನು ಮೇಸ್ತ್ರಿ. ಹೇಳಿ, ನಾನೇನಾದರೂ ಅನ್ನುತ್ತೇನೆಯೇ ಎಂದು ಸ್ವಲ್ಪ ಹೊತ್ತು ನಿಂತು ನೋಡಿದ.

ಎಂಟನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳೊಬ್ಬಳೇ ಬಂದಳು. ಎಲ್ಲರೂ ಹೊರಗಿದ್ದರು. ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಸಿಮೆಂಟಿನ ಪುಡಿಯಿಂದ ನೆಲ ಬೆಳ್ಳಗಿತ್ತು, ಒರೆಸಿಕೊಳ್ಳಲೂ ಇಲ್ಲ.

"ತಪ್ಪು ನಂದಾ ಐತ್ರಿ ಅಮ್ಮಾರ. ನಾ ಬೆರಳು ಮಾಡಬಾರದಿತ್ತು. ನನ್ನ ಮ್ಯಾಲೆ ಏನು ಬರಕೋತೀರೋ ಬರಕೋರಿ. ಜೇಲಿಗೆ ಹಾಕ್ರಿ ಬೇಕಾದ್ರ. ಇನ್ನ ಎರಡು ದಿನ ಐತ್ರಿ. ಅವನ ಕಣ್ಣು ಉಳಸ್ರಿ."

ನನ್ನ ಕೈಯಲ್ಲಿ ಚಪಾತಿಯ ತುತ್ತಿತ್ತು. ಪೆನ್ನು ಡಬ್ಬಿಯ ಪಕ್ಕದಲ್ಲೇ ಇತ್ತು. ಕೈ ತೊಳೆದು, ಒಂದು ಸಾಲು ಬರೆದು, ಊಟಕ್ಕೆ ಹೋದ ಸಾಹೇಬರು ಬರುವುದಕ್ಕೆ ಕಾಯ್ದರೆ ಸಾಕಿತ್ತು. ಅವಳು ಬೈದಿದ್ದರೆ, ನೀನೇ ಕೊಂದಿ ಎಂದು ಕೂಗಾಡಿದ್ದರೆ ಬರೆಯುತ್ತಿದ್ದೆನೋ ಏನೋ. ತಪ್ಪು ನನ್ನದು ಎಂದು ಅವಳೇ ಒಪ್ಪಿಕೊಂಡು ಕಾಲ ಬಳಿ ಕೂತಳಲ್ಲ, ಅದು ನನಗೆ ಅನುಕೂಲವಾಯಿತು. ಅದನ್ನೇ ಹಿಡಿದುಕೊಂಡೆ.

"ಈಗ ಅತ್ರ ಏನು ಬಂತು? ಬಾಯಿ ಕೊಟ್ಟಾನಲ್ಲ ದೇವರು, ಬಾಯಿ ಬಿಟ್ಟು ಹೇಳಬೇಕು. ಗಂಡನ ಹೆಸರು ಹೇಳಿದ್ರ ಹಲ್ಲು ಉದುರತಾವೇನು? ಬೆರಳು ಮಾಡ್ತಾಳಂತ ಬೆರಳು! ಇನ್ನ ಮುಂದರ ಮಾತಾಡೋದು ಕಲ್ತ್ಕೋ."

ಅವಳು ನನ್ನ ಮುಖ ನೋಡಿದಳು. ಎದ್ದು ಹೋದಳು. ನಾನು ಊಟ ಮುಗಿಸಿದೆ. ಮುಗಿಸಿದೆ ಎಂದು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ಸಲ ಅವತ್ತು ನಾನು ಊಟ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಬಿಟ್ಟಿರಲಿಲ್ಲ. ಡಬ್ಬಿ ಖಾಲಿಯಾಗಿತ್ತು.

ಹತ್ತು ದಿನ ಕಳೆದವು. ಇಪ್ಪತ್ತಾದವು. ಕಣ್ಣು ಕೆಟ್ಟು ಕೀವಾಗಿ, ಇನ್ನೊಂದು ಕಣ್ಣಿಗೆ ಹಬ್ಬುತ್ತದೆಂದು ಸರ್ಕಾರಿ ದವಾಖಾನೆಯಲ್ಲಿ ತೆಗೆದುಬಿಟ್ಟರು. ಅದನ್ನು ತೆಗೆಯಲು ಯಾವ ಕಾರ್ಡೂ ಬೇಕಾಗಲಿಲ್ಲ. ಜವಾನ ಬಂದು, "ಕಣ್ಣು ತಗದ್ರಂತ್ರಿ ಮೇಡಂ," ಎಂದಷ್ಟೇ ಹೇಳಿ ಹೋದ. ನಾನು ಹೂಂ ಎಂದೆ. ಒಂದೆರಡು ತಿಂಗಳಿಗೆ ಅವನು ಮತ್ತೆ ಕೆಲಸಕ್ಕೆ ಬಂದ. ಒಡೆಯುವ ಕೆಲಸ ಮುಗಿದಿತ್ತು. ಅವನಿಗೆ ಇಟ್ಟಿಗೆ ಹೊರುವ ಕೆಲಸ ಕೊಟ್ಟಿದ್ದರು. ಮೆಟ್ಟಿಲು ಹತ್ತುವಾಗ ಎಡಗೈಯಿಂದ ಗೋಡೆ ಸವರಿಕೊಂಡು ಹತ್ತುತ್ತಿದ್ದ. ಎದುರು ಸಿಕ್ಕರೆ ನಿಂತು ದಾರಿ ಬಿಟ್ಟು, "ಹೋಗ್ರಿ ಅಮ್ಮಾರ," ಎನ್ನುತ್ತಿದ್ದ. ನಾನು ಕೋಲನ್ನು ಒಲೆಗೆ ಹಾಕಲು ಜವಾನನಿಗೆ ಕೊಟ್ಟುಬಿಟ್ಟೆ.

ಮೇಲಂತಸ್ತು ಮುಗಿಯಿತು. ಬಣ್ಣ ಬಂತು, ನೆಲಕ್ಕೆ ನುಣುಪು ಕಲ್ಲು ಬಂತು, ಹೊಸ ಫ್ಯಾನು ಬಂತು. ನಮ್ಮ ವಿಭಾಗವನ್ನೇ ಮೇಲಕ್ಕೆ ಹಾಕಿದರು. ಕೆಳಗೆ ಬಂದು ನನ್ನನ್ನು ಕೇಳಿದವರಿಗೆ ಜವಾನ ಮಾತಾಡದೆ ಬೆರಳು ಮೇಲೆ ಮಾಡಿ ತೋರಿಸುತ್ತಿದ್ದ. ಬೇಕೆಂದೇ ಮಾಡುತ್ತಿದ್ದನೋ ಏನೋ. ನಾನು ಕೇಳಲಿಲ್ಲ.

ನಿವೃತ್ತಿಗೆ ಮೂರು ವಾರ ಇರುವಾಗ ಹೊಸಪೇಟೆಯಿಂದ ಕಾಗದ ಬಂತು. ಸದರಿ ವ್ಯಕ್ತಿಯ ಕುಟುಂಬದವರ ಹೇಳಿಕೆಯನ್ನು ಮತ್ತೊಮ್ಮೆ ಪಡೆದು, ಹಿಂದೆ ಮೃತ ಎಂದು ನಮೂದಾಗಲು ಕಾರಣ ಬರೆದು ಕಳಿಸಿದರೆ ಹೆಸರನ್ನು ಮರಳಿ ಸೇರಿಸಲಾಗುವುದು ಎಂದು. ಅವರನ್ನು ಕರೆಸಿದೆ. ಇಬ್ಬರೂ ಬಂದರು. ಅವನು ತುಸು ಹಿಂದೆ ನಿಂತ. ಅವಳು ನನ್ನ ಮೇಜಿನ ಮುಂದೆ ಬಂದಳು.

ಕಚೇರಿ ಶಾಂತವಾಗಿತ್ತು. ಹೊಸ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಅತ್ತೆಯ ಹೆಸರು ಓದಿದೆ. "ಅದಾಳ," ಎಂದಳು. ಮಗಳದು ಓದಿದೆ. "ಅದಾಳ." ಅವನ ಹೆಸರಿಗೆ ಬಂದೆ. ಓದಲಿಲ್ಲ. ಪೆನ್ಸಿಲಿನ ತುದಿಯನ್ನು ಆ ಹೆಸರಿನ ಮೇಲಿಟ್ಟು ಅವಳನ್ನು ನೋಡಿದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಯಿ ತೆರೆದು ಗಂಡನ ಹೆಸರು ಹೇಳಿದಳು. ಮೆಲ್ಲಗಲ್ಲ. ಹೊಲದಲ್ಲಿ ದೂರದವರನ್ನು ಕರೆಯುವಂತೆ, ಅಡ್ಡಹೆಸರು, ಅವನ ತಂದೆಯ ಹೆಸರು ಎಲ್ಲ ಸೇರಿಸಿ ಹೇಳಿದಳು. ಇಡೀ ಕಚೇರಿ ತಿರುಗಿ ನೋಡಿತು. ಹಿಂದೆ ನಿಂತಿದ್ದ ಅವನು ನಾಚಿಕೆಯಿಂದ ತಲೆ ತಗ್ಗಿಸಿ, "ಸಾಕು ಬಿಡಬೇ," ಎಂದ. ಅವಳು ಬಿಡಲಿಲ್ಲ. ಇನ್ನೊಮ್ಮೆ ಹೇಳಿದಳು. ಮತ್ತೂ ಒಮ್ಮೆ ಹೇಳಿದಳು. ಪ್ರತಿ ಸಲವೂ ನನ್ನ ಮುಖವನ್ನೇ ನೋಡುತ್ತ ಹೇಳಿದಳು.

"ಅದಾನ. ಬರಕೋರಿ," ಎಂದಳು ಕೊನೆಗೆ.

ನೀಲಿಯಲ್ಲಿ "ಇದ್ದಾರೆ" ಎಂದು ಬರೆದೆ. ಅದರ ಪಕ್ಕದಲ್ಲಿ ಕಾರಣ ಬರೆಯುವ ಖಾಲಿ ಜಾಗವಿತ್ತು. ಹಿಂದೆ ಮೃತ ಎಂದು ಯಾಕೆ ನಮೂದಾಯಿತು? ಪೆನ್ನು ಅಲ್ಲಿ ನಿಂತಿತು. ಅವನ ಕಣ್ಣು ಹೋಗಿಯಾಗಿತ್ತು, ನನ್ನ ಪಿಂಚಣಿಯ ಕಾಗದಗಳೆಲ್ಲ ಹೊರಟಾಗಿತ್ತು. ಮೂರು ವಾರದಲ್ಲಿ ನನ್ನನ್ನು ಯಾರೂ ಏನೂ ಮಾಡಲಾರರು. ಮೇಲೆ ಕೆಳಗೆ ಎಲ್ಲೂ ಸದ್ದಿರಲಿಲ್ಲ, ಅವಳು ಹೇಳಿದ್ದೆಲ್ಲ ಸರಿಯಾಗಿ ಕೇಳಿಸಿತ್ತು. ಎಲ್ಲ ಕೇಳಿಸಿಕೊಂಡು, "ಕುಟುಂಬದವರ ಹೇಳಿಕೆಯಂತೆ" ಎಂದು ಬರೆದೆ. ಶಾಯಿಯ ಡಬ್ಬಿ ಅವಳ ಕಡೆ ತಳ್ಳಿದೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಕೈ ತೆಗೆದು, ನಾನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಒರೆಸಿಕೊಳ್ಳಲು ಕಾಗದ ಕೊಟ್ಟೆ, ಮುಟ್ಟಲಿಲ್ಲ. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಗಂಡನ ಎಡಗಡೆಗೆ ಹೋಗಿ, ಅವನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿದಳು.